ಗಾಂಧಿ ಬಜಾರಿಗೆ ಚೀಲ ಹಿಡಿದು ಬಂದವರು

ನಿಮ್ಮ ಕೈಗೊಂದು ಚೀಲ ಬರುತ್ತದೆ. ಅಕ್ಕಿ ಮೂಟೆಯ ಪ್ಲಾಸ್ಟಿಕ್ ಗೋಣಿಯನ್ನೇ ಕತ್ತರಿಸಿ, ಅಂಚು ಮಡಚಿ ಹೊಲಿದು, ಎರಡು ಹಿಡಿ ಹಾಕಿದ ಚೀಲ. ಅದರ ಮೇಲಿದ್ದ ಮಿಲ್ಲಿನ ಹೆಸರು ಅರ್ಧ ಅಳಿಸಿಹೋಗಿದೆ. "ಕೈಯಲ್ಲಿ ಹಿಡಿಬೇಡಿ, ಭುಜಕ್ಕೆ ಹಾಕಿಕೊಳ್ಳಿ. ತುಂಬಿದ ಮೇಲೆ ಬೆರಳು ಕೊಯ್ತದೆ" ಎನ್ನುತ್ತಾರೆ ದೊಡ್ಡ ಸಿಸ್ಟರ್. ಅವರದು ಮಂಗಳೂರು ಕಡೆಯ ಕನ್ನಡ. ಜೊತೆಗಿರುವ ಚಿಕ್ಕ ಸಿಸ್ಟರ್ ಕನಕಪುರದ ಕಡೆಯವರು, ಮಾತು ಕಡಿಮೆ, ನಡಿಗೆ ಜೋರು. ಇಬ್ಬರದೂ ಬಿಳಿ ನಿಲುವಂಗಿ, ಬಿಳಿ ಮುಸುಕು, ಸವೆದ ಚಪ್ಪಲಿ.

ಕಡಲೆಕಾಯಿ ಪರಿಷೆ ಮುಗಿದು ಎರಡು ದಿನವಾಗಿದೆ. ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಸಿಪ್ಪೆಯ ರಾಶಿ ಇನ್ನೂ ಪೂರ್ತಿ ಎದ್ದಿಲ್ಲ. ಮಾರಾಟವಾಗದೆ ಉಳಿದ ಕಾಯಿಯನ್ನು ಒಬ್ಬಿಬ್ಬರು ಟಾರ್ಪಾಲಿನ ಮೇಲೆ ಹರಡಿಕೊಂಡು ಸೇರಿನಲ್ಲಿ ಅಳೆಯುತ್ತಿದ್ದಾರೆ. ಬೆಳಗಿನ ಚಳಿಗೆ ಮಫ್ಲರ್ ಸುತ್ತಿಕೊಂಡ ಹಿರಿಯರು ಬ್ಯೂಗಲ್ ರಾಕ್ ಕಡೆಯಿಂದ ವಾಕಿಂಗ್ ಮುಗಿಸಿ ಇಳಿಯುತ್ತಿದ್ದಾರೆ. ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ ಕಾಯುವವರ ಗುಂಪು, ಒಳಗಿಂದ ಬೆಣ್ಣೆ ಕಾದ ಘಮ. ಪಕ್ಕದಲ್ಲೇ ಸೇವಂತಿಗೆಯನ್ನು ಮಾರು ಹಾಕುವ ಹೆಂಗಸು, ಅವಳಾಚೆ ಬಾಳೆಎಲೆ ಕಟ್ಟು ಬಿಚ್ಚುವ ಹುಡುಗ, ಅವನಾಚೆ ಅರಿಶಿನ ಕುಂಕುಮ, ಊದಿನಕಡ್ಡಿ, ದರ್ಭೆಯ ಗ್ರಂಥಿಗೆ ಅಂಗಡಿ.

ಈ ಬೀದಿಯಲ್ಲಿ ನೀವೀಗ ಭಿಕ್ಷೆಗೆ ಹೊರಟಿದ್ದೀರಿ. ಬೇರೆ ಹೆಸರಿಟ್ಟು ಮುಚ್ಚಿಕೊಳ್ಳುವುದು ಬೇಡ. ದೇಣಿಗೆ ಸಂಗ್ರಹ, ನಿಧಿ ಅಭಿಯಾನ ಎಂಬ ಮಾತುಗಳನ್ನು ಈ ಇಬ್ಬರು ಆಡುವುದಿಲ್ಲ. "ಬೇಡಲಿಕ್ಕೆ ಹೋಗುದು" ಎನ್ನುತ್ತಾರೆ ದೊಡ್ಡ ಸಿಸ್ಟರ್, ಅಂಗಡಿಗೆ ಹೋಗುವುದು ಎಂಬಷ್ಟೇ ಸಲೀಸಾಗಿ.

ಇವರು ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಭೆಯ ಕನ್ಯಾಸ್ತ್ರೀಯರು. ಹೊಸೂರು ರಸ್ತೆಯಲ್ಲಿ ಇವರ ವೃದ್ಧಾಶ್ರಮವಿದೆ. ಬಸವನಗುಡಿಗೂ ಆ ಮನೆಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ. 1898ರ ಪ್ಲೇಗು ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗಟ್ಟಿದಾಗ ತುಂಬಿಕೊಂಡ ಬಡಾವಣೆ ಇದು. ಅದಾಗಿ ಎರಡು ವರ್ಷಕ್ಕೆ, 1900ರಲ್ಲಿ, ದಂಡಿನ ಕಡೆ ಆ ಮನೆ ಬಾಗಿಲು ತೆರೆಯಿತು. ಅರವತ್ತು ದಾಟಿದ, ಕೈಯಲ್ಲಿ ಕಾಸಿಲ್ಲದ ಮುದುಕ ಮುದುಕಿಯರು ಯಾವ ಜಾತಿ ಧರ್ಮದವರಾದರೂ ಅಲ್ಲಿಗೆ ಬರಬಹುದು. ಬ್ರಹ್ಮಚರ್ಯ, ಬಡತನ, ವಿಧೇಯತೆ ಎಂಬ ಮೂರು ವ್ರತ ಎಲ್ಲ ಕನ್ಯಾಸ್ತ್ರೀಯರಿಗೂ ಇರುವಂಥದ್ದು. ಇವರಿಗೆ ನಾಲ್ಕನೆಯದೊಂದಿದೆ: ಅತಿಥಿ ಸತ್ಕಾರ. ಇನ್ನೊಂದು ವಿಚಿತ್ರ ಕಟ್ಟಳೆಯೂ ಉಂಟು. ಬಡ್ಡಿ ಬರುವ ಇಡುಗಂಟು, ಬಾಡಿಗೆ ಬರುವ ಆಸ್ತಿ, ಹೀಗೆ ಗಟ್ಟಿ ವರಮಾನ ಇಟ್ಟುಕೊಳ್ಳುವಂತಿಲ್ಲ. ನಾಳಿನ ಊಟಕ್ಕೆ ಇವತ್ತು ಬೇಡಬೇಕು. ಹಾಗೆಂದು 1865ರಷ್ಟು ಹಿಂದೆಯೇ ಇವರ ಸಭೆ ತೀರ್ಮಾನ ಮಾಡಿಕೊಂಡಿದೆ.

ಮೊದಲ ಪಾಠ ಹೂವಿನ ಹೆಂಗಸಿನ ಮುಂದೆ ಸಿಗುತ್ತದೆ. ನೀವು ನಿಂತ ಕೂಡಲೇ ಅವಳು ಕೈಯೆತ್ತುತ್ತಾಳೆ. "ಬೋಣಿ ಆಗಿಲ್ಲ ಸಿಸ್ಟರಮ್ಮ, ತಿರುಗ್ತಾ ಬನ್ನಿ." ದೊಡ್ಡ ಸಿಸ್ಟರ್ ತಲೆಯಾಡಿಸಿ ಮುಂದೆ ನಡೆಯುತ್ತಾರೆ. ಅಂಗಡಿ ತೆರೆದ ಮೇಲೆ ಮೊದಲ ಗಿರಾಕಿ ಕಾಸು ಕೊಡುವ ಮುಂಚೆ ಗಲ್ಲಾದಿಂದ ಕಾಸು ಹೊರಗೆ ಹೋಗಬಾರದು. ಹೋದರೆ ದಿನವೆಲ್ಲ ಹೋಗುವುದೇ ಆಯಿತು. ಬಜಾರಿನ ಈ ನಂಬಿಕೆಯ ಮುಂದೆ ಯಾವ ಧರ್ಮವೂ ನಿಲ್ಲುವುದಿಲ್ಲ. ಸಾಬರ ಅಂಗಡಿಯಲ್ಲೂ ಅದೇ, ಶೆಟ್ಟರ ಅಂಗಡಿಯಲ್ಲೂ ಅದೇ.

ಚಿಕ್ಕ ಸಿಸ್ಟರ್ ಈ ಬೀದಿಗೆ ಹೊಸಬರು. ನೀವು ಹಿಂತಿರುಗಿ ನೋಡುವಷ್ಟರಲ್ಲಿ ಅವರು ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿಯಾಗಿದೆ.

ಅಂಗಡಿಯ ಯಜಮಾನರು ಆಗಷ್ಟೇ ಷಟರ್ ಎತ್ತಿ, ನೀರು ಚಿಮುಕಿಸಿ, ಲಕ್ಷ್ಮಿಯ ಪಟಕ್ಕೆ ಹೂ ಮುಡಿಸಿ, ಊದಿನಕಡ್ಡಿಯನ್ನು ಗಲ್ಲಾದ ಸುತ್ತ ಮೂರು ಸುತ್ತು ತಿರುಗಿಸುತ್ತಿದ್ದಾರೆ. ಮೂರನೆಯ ಸುತ್ತು ಮುಗಿಯುವಾಗ ಎದುರಿಗೆ ಬಿಳಿ ಮುಸುಕು, ಚಾಚಿದ ಚೀಲ.

"ಏನ್ರೀ ಇದು? ಬಾಗಿಲು ತೆಗೆದು ಐದು ನಿಮಿಷ ಆಗಿಲ್ಲ. ಬೋಣಿ ಮುಂಚೆ ಬಂದು ಕೈ ಚಾಚ್ತೀರಲ್ಲ, ಮನುಷ್ಯರಾ ನೀವು?"

ಚಿಕ್ಕ ಸಿಸ್ಟರ್ ಬೆಪ್ಪಾಗಿ ನಿಂತುಬಿಡುತ್ತಾರೆ. ದನಿ ಏರುತ್ತದೆ. ಬೋಣಿಯಿಂದ ಶುರುವಾದದ್ದು ಬೋಣಿಯಲ್ಲಿ ನಿಲ್ಲುವುದಿಲ್ಲ. ಮತಾಂತರ ಬರುತ್ತದೆ, ರೋಮು ಬರುತ್ತದೆ, ಫಾರಿನ್ ದುಡ್ಡು ಬರುತ್ತದೆ, "ನಿಮ್ಮ ಪೋಪನ್ನ ಕೇಳಿ ಹೋಗಿ" ಬರುತ್ತದೆ. ಎದುರಿನ ಬಳೆ ಅಂಗಡಿಯವನು ಇಣುಕುತ್ತಾನೆ. ದೋಸೆಗೆ ಕಾದು ನಿಂತವರಲ್ಲಿ ಇಬ್ಬರು ಫೋನಿನಿಂದ ತಲೆ ಎತ್ತುತ್ತಾರೆ. ನಿಮ್ಮ ಕಿವಿ ಬಿಸಿಯಾಗುತ್ತದೆ. ಬೈಗುಳ ಬಿದ್ದದ್ದು ಬೇರೆಯವರಿಗೆ, ಆದರೂ ಚೀಲ ನಿಮ್ಮ ಭುಜದ ಮೇಲೂ ಇದೆಯಲ್ಲ. ಒಂದು ಮಾತು ಎದುರು ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬಂದಿರುತ್ತದೆ.

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಮೆಟ್ಟಿಲ ಹತ್ತಿರ ಬಂದು ಕೈ ಮುಗಿಯುತ್ತಾರೆ. "ತಪ್ಪಾಯ್ತು ಅಣ್ಣ. ಇವಳು ಹೊಸಬಳು, ಗೊತ್ತಾಗ್ಲಿಲ್ಲ. ಬೋಣಿ ಮುಂಚೆ ಬರಬಾರದಿತ್ತು."

ಅವರು ಆ ಬೈಗುಳದ ಹತ್ತು ಮಾತಿಗೂ ಉತ್ತರ ಕೊಡಬಹುದಿತ್ತು. ರೋಮಿನ ಬಗ್ಗೆ, ದುಡ್ಡಿನ ಬಗ್ಗೆ, ಸಂವಿಧಾನದ ಬಗ್ಗೆ. ಆ ಹತ್ತರಲ್ಲಿ ನ್ಯಾಯವಾದದ್ದು ಒಂದೇ ಒಂದು: ಬೋಣಿ. ಅದನ್ನಷ್ಟೇ ಹೆಕ್ಕಿ ಒಪ್ಪಿಕೊಂಡು, ಉಳಿದದ್ದನ್ನು ಕೇಳಿಸಿಕೊಳ್ಳಲೇ ಇಲ್ಲವೇನೋ ಎಂಬಂತೆ ಬಿಟ್ಟಿದ್ದಾರೆ. ಹಾಗೆ ಬಿಟ್ಟು ಗೋಡೆಗೆ ತೂಗುಹಾಕಿದ ಸ್ಟೀಲ್ ಸೌಟುಗಳ ಕಡೆ ಬೆರಳು ತೋರಿಸುತ್ತಾರೆ.

"ಅದೊಂದು ಸೌಟು ಕೊಡಿ. ನಾನೇ ಬೋಣಿ ಮಾಡ್ತೇನೆ. ಎಷ್ಟು?"

ಈಗ ಯಜಮಾನರ ಮುಖ ನೋಡಿ. ಬಂದ ಬೋಣಿಯನ್ನು ಬೇಡ ಎನ್ನುವಂತಿಲ್ಲ, ಬೋಣಿ ಗಿರಾಕಿಯ ಮೇಲೆ ರೇಗುವಂತಿಲ್ಲ. ಅದು ಅವರ ಧರ್ಮ, ಅವರ ತಂದೆ ಹೇಳಿಕೊಟ್ಟದ್ದು. ಬಾಯಿ ಅರ್ಧ ತೆರೆದೇ ಇದೆ. ಅವರು ಕೋಲಿನಿಂದ ಸೌಟು ಇಳಿಸಿ, ಪಂಚೆಯ ಅಂಚಿನಿಂದ ಒರೆಸಿ, "ಅರವತ್ತು" ಎನ್ನುತ್ತಾರೆ. ದೊಡ್ಡ ಸಿಸ್ಟರ್ ಒಳಜೇಬಿನಿಂದ ಪುಟ್ಟ ಪರ್ಸು ತೆಗೆದು ಐವತ್ತರ ನೋಟು, ಒಂದು ಹತ್ತರ ನಾಣ್ಯ ಎಣಿಸಿ ಕೊಡುತ್ತಾರೆ. ಯಜಮಾನರು ಎರಡನ್ನೂ ಕಣ್ಣಿಗೊತ್ತಿಕೊಂಡು, ಪಟದ ಕಡೆ ಒಮ್ಮೆ ತೋರಿಸಿ, ಗಲ್ಲಾಕ್ಕೆ ಹಾಕುತ್ತಾರೆ. ಸೌಟನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಎಡಗೈ ತಾಕದಂತೆ ಬಲಗೈಯಲ್ಲೇ ಕೊಡುತ್ತಾರೆ.

ಅದರ ಮೇಲೆ ಅವರು ಕರಗಿ ಕೊಡುಗೈಯಾದರು ಎಂದುಕೊಂಡಿರಾ? ಇಲ್ಲ. ಕಾಸೂ ಬಿಚ್ಚಲಿಲ್ಲ. "ವ್ಯಾಪಾರ ಡಲ್ಲು. ನೋಡೋಣ ಹೋಗಿ" ಅಂದರು ಅಷ್ಟೆ. "ಆಯ್ತು, ಮುಂದಿನ ಬುಧವಾರ ಬರ್ತೇವೆ, ಬೋಣಿ ಆದ ಮೇಲೆ" ಎಂದು ದೊಡ್ಡ ಸಿಸ್ಟರ್ ಇಳಿದುಬಿಡುತ್ತಾರೆ.

ಪೂರ್ತಿ ಐವತ್ತು ಹೆಜ್ಜೆ ಚಿಕ್ಕ ಸಿಸ್ಟರ್ ಮಾತಾಡುವುದಿಲ್ಲ. ಆಮೇಲೆ, "ಅಷ್ಟೊಂದು ಬೈದ್ರಲ್ಲ, ಅವರ ಹತ್ರ ಮತ್ತೆ ಹೋಗ್ಬೇಕಾ?" ಎಂದು ಕೇಳುತ್ತಾರೆ. ದೊಡ್ಡವರು ಸೌಟನ್ನು ಚೀಲಕ್ಕೆ ಹಾಕುತ್ತಾ, "ಜಾನ್ ಜುಗಾನ್ ಕಥೆ ನೊವಿಶಿಯೇಟಲ್ಲಿ ಹೇಳಿಕೊಟ್ಟದ್ದು ಮರ್ತಿಯಾ ಮಾರಾಯ್ತಿ?" ಎನ್ನುತ್ತಾರೆ.

ಹೊಸಬರ ತರಬೇತಿಯಲ್ಲೇ ಹೇಳಿಕೊಡುವ ಆ ಕಥೆ ಈ ಸಭೆಯಲ್ಲಿ ಎಲ್ಲರಿಗೂ ಬಾಯಿಪಾಠ. ಜಾನ್ ಜುಗಾನ್ ಫ್ರಾನ್ಸಿನ ಬ್ರಿಟನಿ ಸೀಮೆಯ ಕಾಂಕಾಲ್ ಎಂಬ ಮೀನುಗಾರರ ಊರಲ್ಲಿ 1792ರಲ್ಲಿ ಹುಟ್ಟಿದವಳು. ಕಡಲಿಗೆ ಹೋದ ಅಪ್ಪ ತಿರುಗಿ ಬರಲಿಲ್ಲ. ಹದಿನಾರಕ್ಕೆ ಸಾಹುಕಾರರ ಮನೆಯ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. 1839ರ ಚಳಿಗಾಲದಲ್ಲಿ, ಕಣ್ಣು ಹೋಗಿ ಮೈ ಅರ್ಧ ಬಿದ್ದಿದ್ದ ಒಬ್ಬ ಮುದುಕಿಯನ್ನು ತನ್ನ ಬಾಡಿಗೆ ಮನೆಗೆ ಹೊತ್ತುಕೊಂಡು ಹೋಗಿ, ಇದ್ದ ಒಂದೇ ಮಂಚವನ್ನು ಅವಳಿಗೆ ಬಿಟ್ಟುಕೊಟ್ಟಳು. ಅಲ್ಲಿಂದ ಈ ಸಭೆ ಶುರು. ಒಬ್ಬರು ಇಬ್ಬರಾಗಿ, ಇಬ್ಬರು ಹತ್ತಾಗಿ, ಅವರ ಹೊಟ್ಟೆಗೆ ಹಾಕಲು ಬುಟ್ಟಿ ಹಿಡಿದು ಊರೂರು ಬೇಡಿದಳು. ಒಮ್ಮೆ ಒಬ್ಬ ಮುಂಗೋಪಿ ಕಾಸಿನ ಬದಲು ಕಪಾಳಕ್ಕೆ ಹೊಡೆದನಂತೆ. ಇದು ನನ್ನ ಪಾಲಿಗೆ ಬಂತು, ಇನ್ನು ನನ್ನ ಬಡವರ ಪಾಲಿಗೆ ಏನು ಕೊಡುತ್ತೀರಿ ಎಂದು ಅವಳು ಕೇಳಿದಳಂತೆ.

ಕೇಳಲು ಚೆನ್ನಾಗಿದೆ, ಪ್ರಸಂಗಕ್ಕೆ ಹೇಳಿಮಾಡಿಸಿದ ಕಥೆ. ನನಗೆ ಕೇಳಿದರೆ ಅವಳ ಬದುಕಿನ ದೊಡ್ಡ ಕಪಾಳಮೋಕ್ಷ ಇದಲ್ಲ. ಹೊರಗಿನವನು ಹೊಡೆದದ್ದನ್ನು ಸಹಿಸಬಹುದು, ನಾಲ್ಕು ದಿನ ಉರಿದು ಆರುತ್ತದೆ. ಅವಳಿಗೆ ಹೊಡೆತ ಬಿದ್ದದ್ದು ಒಳಗಿನಿಂದ. 1843ರಲ್ಲಿ ಸಂಗಾತಿಗಳು ಅವಳನ್ನೇ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರು. ಎರಡೇ ವಾರದಲ್ಲಿ ಲೆ ಪಾಯೆರ್ ಎಂಬ ಪಾದ್ರಿ ಆ ಆಯ್ಕೆಯನ್ನು ರದ್ದು ಮಾಡಿ, ತನಗೆ ಬೇಕಾದವಳನ್ನು ಕೂರಿಸಿ, ಇವಳನ್ನು ಬೇಡಲು ಅಟ್ಟಿದ. 1852ರಲ್ಲಿ ಅದೂ ಬೇಡವೆಂದು ಮೂಲಮಠದ ಮೂಲೆಗೆ ಸೇರಿಸಿದ. ಸಭೆಯನ್ನು ಸ್ಥಾಪಿಸಿದವನು ತಾನೇ ಎಂದು ಬರೆಸಿಕೊಂಡ. ಇಪ್ಪತ್ತೇಳು ವರ್ಷ ಅವಳು ಹೊಸ ಹುಡುಗಿಯರ ನಡುವೆ ಸಾಮಾನ್ಯ ಮುದುಕಿಯ ಹಾಗೆ ಇದ್ದು 1879ರಲ್ಲಿ ತೀರಿಕೊಂಡಳು. ಆಗ ಸಭೆಯಲ್ಲಿದ್ದ ಸುಮಾರು 2,400 ಸಿಸ್ಟರುಗಳಲ್ಲಿ ಬಹುಪಾಲು ಮಂದಿಗೆ ಈ ಮುದುಕಿಯೇ ತಮ್ಮ ಮೂಲ ಎಂಬುದು ಗೊತ್ತಿರಲಿಲ್ಲ. 1890ರಲ್ಲಿ ರೋಮಿನವರು ವಿಚಾರಣೆ ಮಾಡಿ ಪಾದ್ರಿಯನ್ನು ಇಳಿಸಿದರು. 2009ರಲ್ಲಿ ಅವಳಿಗೆ ಸಂತ ಪದವಿ ಸಿಕ್ಕಿತು. ಬಜಾರಿನ ಬೈಗುಳವನ್ನು ನುಂಗುವುದನ್ನು ಕಲಿಸುವ ಧರ್ಮವೇ ತನ್ನ ಒಳಗಿನ ಒಬ್ಬ ಪಾದ್ರಿಯ ಜಬರದಸ್ತಿಯನ್ನು ನೋಡಲು ಅಷ್ಟು ವರ್ಷ ತೆಗೆದುಕೊಂಡಿತಲ್ಲ, ಅದನ್ನೂ ಹೇಳದೆ ಅವಳ ಕಥೆ ಹೇಳಬಾರದು.

ಹತ್ತು ಗಂಟೆ. ಬೋಣಿಗಳೆಲ್ಲ ಆಗಿವೆ, ಬೀದಿಯ ಮುಖ ಬದಲಾಗಿದೆ. ಹೂವಿನವಳು ಹತ್ತು ರೂಪಾಯಿ ಕೊಡುತ್ತಾಳೆ, ಜೊತೆಗೆ ಒಂದು ಮೊಳ ಕನಕಾಂಬರ. "ನಿಮ್ಮ ಮಾತೆಗೆ ಹಾಕಿ" ಎಂದು. ತರಕಾರಿಯವರು ಒಬ್ಬೊಬ್ಬರು ಒಂದೊಂದು ಥರ. ಒಬ್ಬಾಕೆ ಬೆಳಗ್ಗೆ ಬಂದ ಸೀಮೆಬದನೆಕಾಯಿಯನ್ನೇ ಎರಡು ಕೈಯಲ್ಲಿ ಬಾಚಿ ಹಾಕಿದರೆ, ಇನ್ನೊಬ್ಬ ನಿನ್ನೆಯ ದಂಟಿನಸೊಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ ಕೊಡುತ್ತಾನೆ. ದೊಡ್ಡ ಸಿಸ್ಟರ್ ಎರಡಕ್ಕೂ ಒಂದೇ ಬಗೆಯಲ್ಲಿ ನಮಸ್ಕಾರ ಮಾಡುತ್ತಾರೆ. ದಿನಸಿ ಅಂಗಡಿಯ ಶೆಟ್ಟರು ಮಾತೇ ಆಡುವುದಿಲ್ಲ. ಹುಡುಗನಿಗೆ ಕಣ್ಣಲ್ಲಿ ಸನ್ನೆ, ಎರಡು ಕಿಲೋ ತೊಗರಿಬೇಳೆ, ಒಂದು ಕಿಲೋ ಅವಲಕ್ಕಿ ತೂಕಕ್ಕೆ ಬೀಳುತ್ತವೆ. ಉದ್ದನೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಧರ್ಮದ ಲೆಕ್ಕಕ್ಕೆ ಅದನ್ನು ಬರೆದುಕೊಳ್ಳುತ್ತಾರೆ. ಆ ಹಾಳೆಯಲ್ಲಿ ರಾಯರ ಆರಾಧನೆಯ ಸಕ್ಕರೆ ಇದೆ, ರಾಮನವಮಿಯ ಪಾನಕದ ಬೆಲ್ಲ ಇದೆ, ಅದರ ಕೆಳಗೆ ಈಗ ಸಿಸ್ಟರುಗಳ ಬೇಳೆ.

ಬಸವನಗುಡಿಗೆ ಬೇಡುವವರನ್ನು ಕಂಡು ಅಭ್ಯಾಸವಿದೆ. ಈ ಬೀದಿಗಳ ಹಳೆಯ ಮನೆಗಳಲ್ಲಿ ಎಷ್ಟೋ ಅಜ್ಜಂದಿರು ವಾರಾನ್ನ ಉಂಡು ಓದಿದವರು, ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ ಎಂದು. ಗೋಪಾಳ ಬುಟ್ಟಿ ಹಿಡಿದು ಬಂದ ದಾಸಯ್ಯನಿಗೆ ಒಂದು ಹಿಡಿ ಅಕ್ಕಿ ಹಾಕದೆ ಬಾಗಿಲು ಮುಚ್ಚುತ್ತಿರಲಿಲ್ಲ. ಬೀದಿಗೆ ಯಾರ ಹೆಸರಿದೆಯೋ ಆ ಗಾಂಧಿಯೂ ಕೈ ಚಾಚಿದವರೇ. 1934ರಲ್ಲಿ ಹರಿಜನ ನಿಧಿಗೆಂದು ಕರ್ನಾಟಕ ಸುತ್ತಿದಾಗ ಹೆಂಗಸರ ಕೈಬಳೆಯನ್ನೂ ಬಿಡಲಿಲ್ಲ, ಒಂದು ಸಹಿ ಹಾಕಬೇಕಾದರೂ ಐದು ರೂಪಾಯಿ ಇಡಿ ಎನ್ನುತ್ತಿದ್ದರು. ಇಲ್ಲಿಂದ ಕೂಗಳತೆಯಲ್ಲಿ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು. ಅದರ 1949ರ ಕಲಬುರಗಿ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತವರು ಬಾಸೆಲ್ ಮಿಶನ್ನಿನ ಬೋಧಕ ಉತ್ತಂಗಿ ಚನ್ನಪ್ಪನವರು. ಅವರು ಕೂಡ ಒಂದು ಬಗೆಯ ಭಿಕ್ಷೆ ಎತ್ತಿದವರೇ. ಊರೂರು ತಿರುಗಿ, ಜನರ ಬಾಯಿಂದ, ಹಳೆಯ ಕಟ್ಟುಗಳಿಂದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಸುವಾರ್ತೆ ಹೇಳಲು ಹೋದವರು ಊರಿನವರದನ್ನೇ ಕೇಳಿ ಬರೆದುಕೊಂಡು ಬಂದರು. 'ತಿರುಳ್ಗನ್ನಡದ ತಿರುಕ' ಎಂದು ನಾಡು ಅವರನ್ನು ಕರೆದದ್ದು ಗೌರವದಿಂದಲೇ.

ಹಾಗಿರುವಾಗ ಪಾತ್ರೆ ಅಂಗಡಿಯವರ ಸಿಟ್ಟು ಎಲ್ಲಿಂದ ಬಂತು? ಅದು ಅವರೊಬ್ಬರದಲ್ಲ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರದ ವಿರುದ್ಧ ಕಾನೂನು ಬಂತು. ಬಲವಂತ, ವಂಚನೆ, ಆಮಿಷದಿಂದ ಮತಾಂತರ ಮಾಡಿದರೆ ಮೂರರಿಂದ ಐದು ವರ್ಷ ಸೆರೆ, 25,000 ರೂಪಾಯಿ ದಂಡ. ಹೆಂಗಸರು, ಮಕ್ಕಳು, ಪರಿಶಿಷ್ಟರ ವಿಷಯದಲ್ಲಾದರೆ ಹತ್ತು ವರ್ಷದವರೆಗೆ. ಉಡುಗೊರೆ, ಕೆಲಸ, ಉಚಿತ ಶಿಕ್ಷಣ ಎಲ್ಲವೂ ಆಮಿಷದ ಪಟ್ಟಿಯಲ್ಲಿದ್ದವು. ಮರುವರ್ಷ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಕಾನೂನಿನ ಗತಿ ಏನೇ ಇರಲಿ, ಅನುಮಾನ ಮಾತ್ರ ಬಜಾರಿನಲ್ಲಿ ಉಳಿದುಕೊಂಡಿದೆ. ಕ್ರೈಸ್ತರು ಏನಾದರೂ ಕೊಟ್ಟರೆ ಒಳಗೊಂದು ಗಾಳ ಇರಬಹುದು ಎಂಬ ಅನುಮಾನ. ಅದು ಪೂರ್ತಿ ಹುರುಳಿಲ್ಲದ್ದು ಎಂದೂ ನಾನು ಹೇಳುವುದಿಲ್ಲ. ಕಾಯಿಲೆ ಬಿದ್ದವರ ಮಂಚದ ಪಕ್ಕ ಕೂತು, ಅವರಿಗೆ ಎದ್ದು ಹೋಗಲು ಆಗದು ಎಂಬ ಧೈರ್ಯದಿಂದ ಉಪದೇಶ ಮಾಡುವವರನ್ನು ನೀವೂ ಕಂಡಿರುತ್ತೀರಿ, ನಾನೂ ಕಂಡಿದ್ದೇನೆ. ಪ್ರೀತಿಯ ಮಾತಾಡುತ್ತಲೇ ಶಾಲೆಯ ಗೇಟಿನಲ್ಲಿ ಡೊನೇಶನ್ ಚೌಕಾಸಿ ಮಾಡುವವರನ್ನೂ.

ಆದರೆ ಈ ಚೀಲದವರ ಲೆಕ್ಕವೇ ಬೇರೆ. ಇವರು ಬಜಾರಿಗೆ ಬರುವುದು ಬರಿಗೈಯಲ್ಲಿ. ಬೇಡುವವರು ಯಾರಿಗೆ ಯಾವ ಆಮಿಷ ಒಡ್ಡಲು ಸಾಧ್ಯ? ಕೊಡುವ ಕೈ ಶೆಟ್ಟರದು, ಮೇಲಿರುವ ಕೈ ಹೂವಿನವಳದು. ಬೈಯುವ ಹಕ್ಕೂ ಅವರದೇ. ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಅತ್ಯಂತ ಕೆಳಗೆ ನಿಂತವರು ಆ ಇಬ್ಬರು ಹೆಂಗಸರು. ನಂಬಿಕೆಯನ್ನು ಹಂಚಿಕೊಳ್ಳಲು ಅದಕ್ಕಿಂತ ನಿಯತ್ತಿನ ಜಾಗ ಇನ್ನೊಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಚೀಲ ಈಗ ನಿಜಕ್ಕೂ ಭುಜ ಕೊಯ್ಯುತ್ತಿದೆ. ವ್ಯಾನು ಲಾಲ್‌ಬಾಗಿನ ಪಶ್ಚಿಮ ದ್ವಾರ ದಾಟಿ, ಸಿಗ್ನಲ್ಲುಗಳಲ್ಲಿ ತೆವಳಿ, ಹೊಸೂರು ರಸ್ತೆ ಸೇರುವ ಹೊತ್ತಿಗೆ ಊಟದ ಗಂಟೆ ಹೊಡೆದಿದೆ.

ಬೈಗುಳ ಬಜಾರಿನಲ್ಲೇ ಮುಗಿಯಿತು ಎಂದುಕೊಂಡಿದ್ದರೆ ಊಟದ ಮನೆಗೆ ಬನ್ನಿ. ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬ ತಾತ, ಎಂಬತ್ತರ ಮೇಲಿನವರು. ಹರೆಯದಲ್ಲಿ ಹೋಟೆಲುಗಳ ಭಟ್ಟರು. ಐವತ್ತು ಎಲೆಯ ಅಡುಗೆಯನ್ನು ಒಬ್ಬರೇ ಇಳಿಸಿದವರು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಬಲಗೈ ಸ್ವಾಧೀನದಲ್ಲಿಲ್ಲ. ನಾಲಿಗೆ ಮಾತ್ರ ಎರಡೂ ಅರ್ಥದಲ್ಲಿ ಚುರುಕಾಗಿದೆ. ಮಂಚದ ಪಕ್ಕ ರಾಘವೇಂದ್ರ ಸ್ವಾಮಿಗಳ ಪಟ ಇಟ್ಟುಕೊಂಡಿದ್ದಾರೆ. ಅದನ್ನು ಯಾರೂ ಕದಲಿಸಿಲ್ಲ.

ಬಜಾರಿನ ಚಪ್ಪಲಿ ಕಳಚಿ, ಕೈ ತೊಳೆದು, ಏಪ್ರನ್ ಕಟ್ಟಿಕೊಂಡ ಚಿಕ್ಕ ಸಿಸ್ಟರ್ ಅವರ ತಟ್ಟೆಗೆ ಅನ್ನ ಹಾಕಿ ಸಾರು ಬಿಡುತ್ತಾರೆ. ತಾತ ಎಡಗೈಯಲ್ಲಿ ಕಲಸಿ ಒಂದು ತುತ್ತು ಬಾಯಿಗಿಟ್ಟು, ಹಾಗೇ ತಟ್ಟೆಗೆ ಉಗಿಯುತ್ತಾರೆ.

"ಇದು ಸಾರಾ? ಅಕ್ಕಚ್ಚು! ಹಸುಗೆ ಇಡಿ ಹೋಗಿ."

ತಟ್ಟೆ ಮೇಜಿನ ಅಂಚಿಗೆ ಜಾರಿ ನೆಲಕ್ಕೆ ಬೀಳುತ್ತದೆ. ಅನ್ನ ನಿಮ್ಮ ಕಾಲಿನ ಮೇಲೂ ಸಿಡಿದಿದೆ. ಪಕ್ಕದ ಮೇಜಿನ ಅಜ್ಜಿ "ದಿನಾ ಇದೇ ರಾಮಾಯಣ" ಎಂದು ತಮ್ಮ ತಟ್ಟೆಯನ್ನು ಎಳೆದುಕೊಳ್ಳುತ್ತಾರೆ. ಚಿಕ್ಕ ಸಿಸ್ಟರಿನ ಮುಖ ಕೆಂಪಾಗಿದೆ. ಬೆಳಗಿನಿಂದ ಇದು ಎರಡನೆಯದು. ಬಗ್ಗಿ ಅನ್ನ ಬಳಿಯುವಾಗ ಅವರ ದವಡೆ ಬಿಗಿದಿರುವುದು ನಿಮಗೆ ಕಾಣುತ್ತದೆ. ಸಹನೆ ಎಂದರೆ ಸಿಟ್ಟು ಬಾರದಿರುವುದು ಎಂದು ಹೇಳುವವರಿಗೆ ಆ ದವಡೆಯನ್ನು ತೋರಿಸಬೇಕು.

ನೆಲ ಒರೆಸಿ, ಕೈ ತೊಳೆದು, ಇನ್ನೊಂದು ತಟ್ಟೆ ತಂದು ಎದುರು ಕೂರುತ್ತಾರೆ. "ತಾತ, ಏನ್ ಕಮ್ಮಿ ಆಗೈತೆ ಹೇಳಿ. ನಂಗೆ ಸಾರು ಮಾಡಕ್ಕೆ ಬರಕಿಲ್ಲ. ನಮ್ಮವ್ವ ಮಾಡೋದು ಹುರುಳಿಕಟ್ಟು ಒಂದೇಯ."

ತಾತ ಮುಖ ತಿರುಗಿಸುತ್ತಾರೆ. ಒಂದು ನಿಮಿಷ. ಎರಡು ನಿಮಿಷ. ಕಸುಬಿನ ಅಭಿಮಾನ ಕೋಪಕ್ಕಿಂತ ಗಟ್ಟಿ. "ಇಂಗು ಎಲ್ಲಿ ಹಾಕಿದ್ದೀರಿ? ಒಗ್ಗರಣೇಲಿ ಹಾಕಿದ್ರೆ ಆಯ್ತಾ? ಹುಣಸೆಹಣ್ಣಿನ ರಸ ಕುದಿಯೋವಾಗ ಚಿಟಿಕೆ ಬೀಳ್ಬೇಕು. ಬೇಳೆಕಟ್ಟು ಆಮೇಲೆ. ಪುಡಿ ಕೊನೇಗೆ. ಪುಡಿ ಹಾಕಿದ ಮೇಲೆ ಕೊತಕೊತ ಕುದಿಸಿದ್ರೆ ಘಮ ಎಲ್ಲ ಹೊಗೆಗೂಡಿಗೆ." ಚಿಕ್ಕ ಸಿಸ್ಟರ್ ಏಪ್ರನ್ ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳುತ್ತಾರೆ. ಬರೆಯುವುದನ್ನು ತಾತ ಓರೆಗಣ್ಣಲ್ಲಿ ನೋಡುತ್ತಾರೆ. ಆಮೇಲೆ ಕುಟುಕುವ ದನಿಯಲ್ಲೇ ಒಂದು ಪ್ರಶ್ನೆ.

"ನಾನು ದಿನಾ ಬಿಸಾಕ್ತೀನಿ, ನೀವು ದಿನಾ ಬಡಿಸ್ತೀರಿ. ಸಂಬಳಾನೂ ಇಲ್ವಂತೆ. ಯಾಕಮ್ಮ ಈ ಹಣೆಬರಹ?"

"ನಮ್ ಯೇಸುಸ್ವಾಮಿ ಹಂಗೆ ಹೇಳವ್ರೆ ತಾತ. ಬೈಯೋರ್ಗೂ ಬಡಿಸ್ಬೇಕು ಅಂತ."

"ಓಹೋ. ಇಂಗು ಹಾಕ್ಬೇಡಿ ಅಂತಾನೂ ಹೇಳಿದ್ದಾನೋ?"

ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಾರೆ. ತಾತ ಎರಡನೆಯ ತಟ್ಟೆಯ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಉಣ್ಣುತ್ತಾರೆ. ಸಾರನ್ನು ಮುಟ್ಟುವುದಿಲ್ಲ.

ಇಡೀ ದಿನದಲ್ಲಿ ನೀವು ಕೇಳಿದ ಸುವಾರ್ತೆ ಅಷ್ಟೇ, ಒಂದು ಸಾಲು. ಅದೂ ಎದುರಿನವರು ಕೇಳಿದ ಮೇಲೆ. ಹೊಸ ಒಡಂಬಡಿಕೆಯಲ್ಲಿ ಪೇತ್ರನ ಮೊದಲ ಪತ್ರ, ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಸೌಮ್ಯವಾಗಿ ಉತ್ತರ ಕೊಡಲು ಸಿದ್ಧವಾಗಿರಿ ಎಂದು ತನ್ನವರಿಗೆ ಬುದ್ಧಿ ಹೇಳುತ್ತದೆ. ಮೊದಲು ಪ್ರಶ್ನೆ, ಆಮೇಲೆ ಉತ್ತರ. ಮೆಜೆಸ್ಟಿಕ್ಕಿನಲ್ಲಿ ಮೈಕು ಹಿಡಿದು ಕೂಗುವವರು ಆ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಎರಡನೆಯ ಮೈಲಿಯ ಮಾತು ಬರುತ್ತದಲ್ಲ, ಅದರ ಹಿನ್ನೆಲೆಯೂ ಇಂಥದೇ. ರೋಮನ್ ಸಿಪಾಯಿ ದಾರಿಹೋಕ ಯೆಹೂದಿಯನ್ನು ಹಿಡಿದು ತನ್ನ ಹೊರೆಯನ್ನು ಒಂದು ಮೈಲಿ ಹೊರಿಸಬಹುದಿತ್ತು. ಆ ಮೈಲಿ ಬಿಟ್ಟಿ ಚಾಕರಿ. ಇನ್ನೊಂದು ಮೈಲಿಯನ್ನು ನೀನಾಗಿ ಹೊರು ಎಂದದ್ದು ಯೇಸು. ಎರಡನೆಯ ಮೈಲಿಯಲ್ಲಿ ಸಿಪಾಯಿಗೆ ಪ್ರಶ್ನೆ ಹುಟ್ಟುತ್ತದೆ, ಇವನೇಕೆ ಇನ್ನೂ ಇಳಿಸಿಲ್ಲ ಎಂದು. ತಾತನಿಗೆ ಹುಟ್ಟಿದ್ದು ಅದೇ ಪ್ರಶ್ನೆ. ಉತ್ತರ ಅವರಿಗೆ ಒಪ್ಪಿಗೆಯಾಯಿತೇ? ಆಗಲಿಲ್ಲ ಎಂದೇ ನನ್ನ ಅನಿಸಿಕೆ. ಸಂಜೆ ಪ್ರಾರ್ಥನೆಯ ಗಂಟೆ ಬಾರಿಸಿದಾಗ ಅವರು ಎದ್ದು ಹೋಗಲಿಲ್ಲ, ರಾಯರ ಪಟಕ್ಕೆ ಕೈ ಮುಗಿದು ಮಲಗಿದರು. ಮರುದಿನದ ಸಾರಿಗೆ ಇಂಗು ಸರಿಯಾದ ಹೊತ್ತಿಗೆ ಬಿತ್ತು. ತಾತ ಅದಕ್ಕೆ ಉಪ್ಪು ಜಾಸ್ತಿ ಅಂದರು.

ಪಾತ್ರೆ ಅಂಗಡಿಯವರು ಮುಂದಿನ ಬುಧವಾರವೂ ಏನೂ ಕೊಡಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ದೊಡ್ಡ ಸಿಸ್ಟರ್ ಎರಡು ಸಲವೂ ಹತ್ತು ಗಂಟೆಯ ಮೇಲೆಯೇ ಹೋಗಿ, ಕೈ ಮುಗಿದು, ಇಳಿದು ಬಂದರು. ಬೈಗುಳ ಮಾತ್ರ ನಿಂತಿದೆ.

ಇಂಥವರು ನಿಮ್ಮ ಬೀದಿಗೂ ಬರಬಹುದು, ಬಿಳಿ ಮುಸುಕಿನಲ್ಲೋ ಕಾವಿಯಲ್ಲೋ. ಕೊಡಲು ಮನಸ್ಸಾದರೆ ಹೊಸ ಬೇಳೆಯನ್ನೇ ಕೊಡಿ, ಹುಳ ಬಿದ್ದದ್ದನ್ನು ಬೇಡ. ಉಣ್ಣುವವರಲ್ಲಿ ರುಚಿ ಬಲ್ಲ ಭಟ್ಟರಿರುತ್ತಾರೆ. ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಎಂದು ಹೇಳಿ, ಅದಕ್ಕೆ ಅವರ ತಕರಾರಿಲ್ಲ. ಯಾಕೆ ಹೀಗೆ ತಿರುಗುತ್ತೀರಿ ಎಂದು ಕೇಳಬೇಕೆನಿಸಿದರೆ ಧಾರಾಳವಾಗಿ ಕೇಳಿ, ಉತ್ತರ ಒಂದೇ ಸಾಲಿನದು. ಬೋಣಿ ಆಗುವ ತನಕ ಕಾಯಿರಿ ಎಂದರೆ ಅವರು ಕಾಯುತ್ತಾರೆ.